ಪೈಥಾನ್‌ನಿಂದ ಸಿ ಕೋಡ್ ಕರೆಯುವುದು ಹೇಗೆ: ಎಡವುವ ಜಾಗಗಳ ಸಮೇತ ಪೂರ್ತಿ ಕ್ರಮ

ಪೊನ್ನಂಪೇಟೆ, ಕುಶಾಲನಗರದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿರಲಿ, ತೋಟದ ಲೆಕ್ಕವನ್ನು ತಾವೇ ಕಂಪ್ಯೂಟರಿಗೆ ಏರಿಸಿಕೊಂಡವರಿರಲಿ, ಈ ಕೆಲಸದಲ್ಲಿ ಎಲ್ಲರೂ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಸಿ ಫಂಕ್ಷನ್ ಸರಿಯಾಗಿಯೇ ಇರುತ್ತದೆ. ಪೈಥಾನ್ ಕೋಡೂ ಸರಿ ಇರುತ್ತದೆ. ಎರಡನ್ನೂ ಜೋಡಿಸಿದ ಕೂಡಲೇ ತಲೆಬುಡವಿಲ್ಲದ ಉತ್ತರ ಬರುತ್ತದೆ. ಇಲ್ಲ ಅಂದ್ರೆ ಪ್ರೋಗ್ರಾಂ ಏನೂ ಹೇಳದೆ ನಿಂತುಹೋಗುತ್ತದೆ.

ಪೈಥಾನ್ ಒಳಗೆ ತಪ್ಪು ಮಾಡಿದರೆ ಎರರ್ ಬರುತ್ತದೆ. ಸಿ ಒಳಗೆ ತಪ್ಪು ಮಾಡಿದರೆ ಎಷ್ಟೋ ಸಲ ಕಂಪೈಲರ್ ಎಚ್ಚರಿಸುತ್ತದೆ. ಎರಡರ ಗಡಿಯಲ್ಲಿ ಮಾತ್ರ ನೋಡಿಕೊಳ್ಳುವವರು ನೀವೊಬ್ಬರೇ. ಅದಕ್ಕೇ ಇಲ್ಲಿ ಕೋಡ್‌ಗಿಂತ ಕ್ರಮ ಮುಖ್ಯ. ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಒಂದು ಹಂತ ಸರಿಯಾಯಿತು ಎಂದು ಕಣ್ಣಾರೆ ನೋಡಿದ ಮೇಲೆ ಮಾತ್ರ ಮುಂದಿನದಕ್ಕೆ ಹೋಗಿ.

ಉದಾಹರಣೆಗೆ ಮಳೆ ಲೆಕ್ಕ ತೆಗೆದುಕೊಳ್ಳೋಣ. ಕೊಡಗಿನ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುವುದು ರೂಢಿ. 100 ಸೆಂಟ್ ಸೇರಿದರೆ 1 ಇಂಚು, 1 ಇಂಚು ಅಂದರೆ 25.4 ಮಿಲಿಮೀಟರ್. ದಿನದಿನದ ಸೆಂಟುಗಳನ್ನು ಕೊಟ್ಟರೆ ಒಟ್ಟು ಮಿಲಿಮೀಟರ್ ಹೇಳುವ ಸಿ ಫಂಕ್ಷನ್ ಒಂದನ್ನು ಪೈಥಾನ್‌ನಿಂದ ಕರೆಯಬೇಕು, ಅಷ್ಟೇ. ಇಷ್ಟು ಸಣ್ಣ ಲೆಕ್ಕಕ್ಕೆ ಸಿ ಬೇಕಾಗಿಲ್ಲ ನಿಜ. ಆದರೆ ಹಳೆಯ ಸಿ ಲೈಬ್ರರಿಯನ್ನೋ, ಯಾವುದೋ ಸೆನ್ಸಾರ್ ಜೊತೆ ಬಂದ ಸಿ ಕೋಡನ್ನೋ ಜೋಡಿಸಬೇಕಾದಾಗಲೂ ದಾರಿ ಇದೇ.

ಮೊದಲು ಸಿದ್ಧ ಮಾಡಿಕೊಳ್ಳಬೇಕಾದ್ದು

ಮೂರೇ ಸಾಮಾನು ಸಾಕು: ಪೈಥಾನ್, ಒಂದು ಸಿ ಕಂಪೈಲರ್, ಒಂದು ಟೆಕ್ಸ್ಟ್ ಎಡಿಟರ್. ಲಿನಕ್ಸ್‌ನಲ್ಲಿ, ಉಬುಂಟು ಆದರೆ, ಬಿಲ್ಡ್-ಎಸೆನ್ಷಿಯಲ್ ಪ್ಯಾಕೇಜ್ ಹಾಕಿದರೆ ಜಿಸಿಸಿ ಎಂಬ ಕಂಪೈಲರ್ ಬರುತ್ತದೆ. ವಿಂಡೋಸ್‌ನಲ್ಲಿ ಮಿನ್‌ಜಿಡಬ್ಲ್ಯೂ-ಡಬ್ಲ್ಯೂ64 ಸಾಕು.

ಎರಡು ಭಾಷೆಗಳನ್ನು ಜೋಡಿಸಲು ಸಿಟೈಪ್ಸ್ ಬಳಸೋಣ. ಸಿಎಫ್‌ಎಫ್‌ಐ, ಸೈಥಾನ್, ಸಿ++ ಗಾಗಿ ಪೈಬೈಂಡ್11, ಹೀಗೆ ಬೇರೆ ದಾರಿಗಳೂ ಇವೆ. ದೊಡ್ಡ ಸಿ++ ಕೋಡ್ ಇದ್ದರೆ ಪೈಬೈಂಡ್11 ಕಡೆಗೇ ಹೋಗಿ. ಆದರೆ ಸಿಟೈಪ್ಸ್ 2006ರ ಪೈಥಾನ್ 2.5ರಿಂದಲೂ ಪೈಥಾನ್ ಜೊತೆಯಲ್ಲೇ ಬರುತ್ತಿದೆ. ಬೇರೆ ಏನನ್ನೂ ಡೌನ್‌ಲೋಡ್ ಮಾಡಬೇಕಾಗಿಲ್ಲ. ಜುಲೈ ತಿಂಗಳಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ನಮ್ಮ ಕಡೆ ಇದು ಸಣ್ಣ ಅನುಕೂಲವಲ್ಲ. ಕಂಪೈಲರ್ ಒಂದನ್ನು ಮಳೆ ಹಿಡಿಯುವ ಮೊದಲೇ ಇಳಿಸಿಟ್ಟುಕೊಳ್ಳಿ.

ಪೈಥಾನ್ 64 ಬಿಟ್‌ನದ್ದಾದರೆ ಕಂಪೈಲರ್ ಕೊಡುವ ಲೈಬ್ರರಿಯೂ 64 ಬಿಟ್‌ನದ್ದೇ ಆಗಿರಬೇಕು. ಇದನ್ನು ಈಗಲೇ ನೋಡಿಕೊಳ್ಳಿ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ 32 ಬಿಟ್ ಪೈಥಾನ್ ಇನ್ನೂ ಉಳಿದಿರುವುದುಂಟು.

ಇನ್ನೊಂದು ಮಾತು. ಕೋಡ್‌ನ ಪದಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಫೈಲ್ ಹೆಸರು, ಫಂಕ್ಷನ್ ಹೆಸರು ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ ಇರಲಿ.

ಹಂತ 1: ಸಿ ಕೋಡನ್ನು ಒಂಟಿಯಾಗಿ ಓಡಿಸಿ ನೋಡಿ

ಜಾಸ್ತಿ ಜನ ಬಿಟ್ಟುಬಿಡುವ ಹಂತ ಇದು. ಫಂಕ್ಷನ್ ಬರೆದ ಕೂಡಲೇ ಪೈಥಾನ್ ಕಡೆ ಓಡುತ್ತಾರೆ. ಆಮೇಲೆ ತಪ್ಪು ಬಂದರೆ ಅದು ಸಿ ಒಳಗಿದೆಯೋ ಗಡಿಯಲ್ಲಿದೆಯೋ ಗೊತ್ತಾಗುವುದಿಲ್ಲ.

ನಮ್ಮ ಫಂಕ್ಷನ್ ಹೆಸರು ಒಟ್ಟು_ಮಿಮೀ. ಅದು ಎರಡು ವಿಷಯ ತೆಗೆದುಕೊಳ್ಳುತ್ತದೆ: ಸೆಂಟುಗಳ ಅರೇ, ಮತ್ತು ಅದರಲ್ಲಿ ಎಷ್ಟು ದಿನಗಳಿವೆ ಎಂಬ ಸಂಖ್ಯೆ. ಉತ್ತರವಾಗಿ ಡಬಲ್, ಅಂದರೆ ದಶಮಾಂಶ ಸಂಖ್ಯೆ, ಕೊಡುತ್ತದೆ. ಅರೇಯ ಟೈಪ್ ಸುಮ್ನೆ ಇಂಟ್ ಅಥವಾ ಲಾಂಗ್ ಎಂದು ಬರೆಯಬೇಡಿ, ಇಂಟ್32_ಟಿ ಎಂದೇ ಬರೆಯಿರಿ. ಲಾಂಗ್ ಎನ್ನುವುದು 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್. ಕಾಲೇಜಿನ ಲ್ಯಾಬ್‌ನಲ್ಲಿ ಓಡಿದ್ದು ಮನೆಯಲ್ಲಿ ಕೆಡುವುದಕ್ಕೆ ಇದೊಂದೇ ಸಾಕು.

ಅದೇ ಫೈಲಿಗೆ ತಾತ್ಕಾಲಿಕವಾಗಿ ಒಂದು ಮೇನ್ ಸೇರಿಸಿ 100, 50, 250 ಸೆಂಟ್ ಕೊಡಿ. ಒಟ್ಟು 400 ಸೆಂಟ್, ಅಂದರೆ 4 ಇಂಚು, ಅಂದರೆ 101.6 ಮಿಲಿಮೀಟರ್. ಈ 101.6 ಅನ್ನು ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲ ಹಂತಗಳಲ್ಲೂ ಇದೇ ನಮ್ಮ ಒರೆಗಲ್ಲು. ಆಮೇಲೆ ತೋಟದ ರೈಟರ್ ಕೈಯಲ್ಲಿ ಕೂಡಿ ಬರೆದ ಒಂದು ತಿಂಗಳ ಮೊತ್ತ ಸಿಕ್ಕಿದರೆ ಅದನ್ನೂ ಹಾಕಿ ನೋಡಿ. ದಿನಗಳ ಸಂಖ್ಯೆ 0 ಕೊಟ್ಟಾಗ ಉತ್ತರವೂ 0 ಬರುತ್ತದಾ ನೋಡಿ.

ಹಂತ 2: ಶೇರ್ಡ್ ಲೈಬ್ರರಿ ಕಟ್ಟಿ

ಪೈಥಾನ್ ಸಿ ಫೈಲನ್ನು ನೇರವಾಗಿ ಓದುವುದಿಲ್ಲ. ಅದಕ್ಕೆ ಶೇರ್ಡ್ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂ ಲೋಡ್ ಮಾಡಿಕೊಳ್ಳಬಲ್ಲ ಕಂಪೈಲ್ ಆದ ಫೈಲ್, ಬೇಕು: ಲಿನಕ್ಸ್‌ನಲ್ಲಿ ಡಾಟ್ ಎಸ್‌ಒ, ವಿಂಡೋಸ್‌ನಲ್ಲಿ ಡಾಟ್ ಡಿಎಲ್‌ಎಲ್, ಮ್ಯಾಕ್‌ನಲ್ಲಿ ಡಾಟ್ ಡೈಲಿಬ್. ಜಿಸಿಸಿಗೆ ಶೇರ್ಡ್ (-shared) ಮತ್ತು ಎಫ್‌ಪಿಐಸಿ (-fPIC) ಎಂಬ ಎರಡು ಆಯ್ಕೆ ಕೊಡಿ. ಜೊತೆಗೆ ವಾಲ್ (-Wall) ಆಯ್ಕೆಯನ್ನೂ ಕೊಡಿ, ಆಗ ಕಂಪೈಲರ್ ಎಚ್ಚರಿಕೆಗಳನ್ನು ಮುಚ್ಚಿಡುವುದಿಲ್ಲ. ಒಂದೇ ಒಂದು ವಾರ್ನಿಂಗ್ ಇದ್ದರೂ ಇಲ್ಲೇ ಸರಿಮಾಡಿ ಮುಂದೆ ಹೋಗಿ.

ಕಟ್ಟಿದ ಮೇಲೆ ಫಂಕ್ಷನ್ ಹೆಸರು ಹೊರಗೆ ಕಾಣುತ್ತಿದೆಯಾ ಎಂದು ನೋಡಬೇಕು. ಲಿನಕ್ಸ್‌ನಲ್ಲಿ ಎನ್‌ಎಂ ಆಜ್ಞೆಗೆ ದೊಡ್ಡ ಡಿ ಆಯ್ಕೆ ಕೊಟ್ಟು ಲೈಬ್ರರಿಯ ಹೆಸರು ಹಾಕಿ. ಪಟ್ಟಿಯಲ್ಲಿ ಒಟ್ಟು_ಮಿಮೀ ಇರಬೇಕು, ಅದರ ಮುಂದೆ ದೊಡ್ಡ ಟಿ ಇರಬೇಕು.

ಹೆಸರಿನ ಹಿಂದೆ ಮುಂದೆ ವಿಚಿತ್ರ ಅಕ್ಷರ, ಅಂಕಿಗಳು ಅಂಟಿಕೊಂಡಿದ್ದರೆ ನಿಮ್ಮ ಫೈಲನ್ನು ಸಿ++ ಆಗಿ ಕಂಪೈಲ್ ಮಾಡಿದ್ದೀರಿ ಎಂದರ್ಥ. ಒಂದೇ ಹೆಸರಿನ ಹಲವು ಫಂಕ್ಷನ್‌ಗಳನ್ನು ಬೇರೆ ಬೇರೆ ಗುರುತಿಸಲು ಸಿ++ ಹೆಸರಿಗೆ ಟೈಪ್‌ಗಳನ್ನೂ ಸೇರಿಸುತ್ತದೆ. ಫಂಕ್ಷನ್ ಮುಂದೆ ಎಕ್ಸ್‌ಟರ್ನ್ ಸಿ ಎಂದು ಹಾಕಿದರೆ ಹೆಸರು ನೇರವಾಗುತ್ತದೆ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಕಂಪೈಲರ್ ಬಳಸುವವರು ಡಿಎಲ್‌ಎಲ್‌ಎಕ್ಸ್‌ಪೋರ್ಟ್ ಗುರುತನ್ನೂ ಹಾಕಲೇಬೇಕು, ಇಲ್ಲದಿದ್ದರೆ ಹೆಸರು ಹೊರಗೆ ಬರುವುದೇ ಇಲ್ಲ.

ಹಂತ 3: ಲೋಡ್ ಮಾಡಿ, ಆದರೆ ಇನ್ನೂ ಕರೆಯಬೇಡಿ

ಪೈಥಾನ್‌ನಲ್ಲಿ ಸಿಟೈಪ್ಸ್ ಇಂಪೋರ್ಟ್ ಮಾಡಿ, ಸಿಡಿಎಲ್‌ಎಲ್‌ಗೆ ಲೈಬ್ರರಿಯ ಪೂರ್ತಿ ಪಾಥ್ ಕೊಡಿ. ಬರೀ ಫೈಲ್ ಹೆಸರು ಕೊಟ್ಟರೆ ಲಿನಕ್ಸ್ ನಿಮ್ಮ ಫೋಲ್ಡರ್ ಬಿಟ್ಟು ತನ್ನ ಸಿಸ್ಟಂ ಫೋಲ್ಡರ್‌ಗಳಲ್ಲಿ ಹುಡುಕುತ್ತದೆ. ಫೈಲ್ ಕಣ್ಣೆದುರೇ ಇದ್ದರೂ ‘ಸಿಗಲಿಲ್ಲ’ ಎನ್ನುವುದು ಅದಕ್ಕೇ.

ಇಲ್ಲಿ ಬರುವ ಎರರ್‌ಗಳನ್ನು ಓದುವುದು ಹೀಗೆ. ‘ರಾಂಗ್ ಇಎಲ್‌ಎಫ್ ಕ್ಲಾಸ್’ ಎಂದರೆ ಅಥವಾ ವಿಂಡೋಸ್‌ನಲ್ಲಿ 193ನೇ ನಂಬರಿನ ಎರರ್ ಬಂದರೆ, ಮೊದಲು 32 ಮತ್ತು 64 ಬಿಟ್ ಬೆರಕೆಯಾಗಿದೆಯಾ ನೋಡಿ. ‘ಅನ್‌ಡಿಫೈನ್ಡ್ ಸಿಂಬಲ್’ ಬಂದರೆ ಹಂತ 2ಕ್ಕೆ ವಾಪಸ್ ಹೋಗಿ. ವಿಂಡೋಸ್‌ನಲ್ಲಿ ಫೈಲ್ ಇದ್ದರೂ ಮಾಡ್ಯೂಲ್ ಸಿಗಲಿಲ್ಲ ಎಂದರೆ, ಅದು ಹುಡುಕುತ್ತಿರುವುದು ನಿಮ್ಮ ಡಿಎಲ್‌ಎಲ್ ಅವಲಂಬಿಸಿರುವ ಇನ್ನೊಂದು ಡಿಎಲ್‌ಎಲ್ ಅನ್ನು ಇರಬಹುದು. ಪೈಥಾನ್ 3.8ರಿಂದ ಇಂಥ ಡಿಎಲ್‌ಎಲ್‌ಗಳಿಗಾಗಿ ಅದು ಪಾಥ್ ವೇರಿಯೇಬಲ್ ನೋಡುವುದನ್ನು ಬಿಟ್ಟಿದೆ. ಓಎಸ್ ಮಾಡ್ಯೂಲಿನ ಆ್ಯಡ್_ಡಿಎಲ್‌ಎಲ್_ಡೈರೆಕ್ಟರಿ ಬಳಸಿ ಫೋಲ್ಡರ್ ತೋರಿಸಿಕೊಡಿ. ಲಿನಕ್ಸ್‌ನಲ್ಲಿ ಇದೇ ಅನುಮಾನ ಬಂದರೆ ಎಲ್‌ಡಿಡಿ ಆಜ್ಞೆ ಪಟ್ಟಿ ಕೊಡುತ್ತದೆ.

ಹಂತ 4: ಟೈಪ್‌ಗಳನ್ನು ಬಾಯಿಬಿಟ್ಟು ಹೇಳಿ

ಇಡೀ ಕೆಲಸದ ಜೀವಾಳ ಇದೇ. ನನ್ನ ಹತ್ತಿರ ಬರುವ ಕೆಟ್ಟ ಕೋಡ್‌ಗಳಲ್ಲಿ ಜಾಸ್ತಿ ಪಾಲು ಇಲ್ಲೇ ಕೆಟ್ಟಿರುತ್ತದೆ.

ಲೈಬ್ರರಿ ಫೈಲಿನಲ್ಲಿ ಫಂಕ್ಷನ್ ಹೆಸರಿದೆ, ಆದರೆ ಅದು ಏನು ತೆಗೆದುಕೊಳ್ಳುತ್ತದೆ, ಏನು ಕೊಡುತ್ತದೆ ಎಂಬ ಮಾಹಿತಿ ಇಲ್ಲ. ನೀವು ಹೇಳದಿದ್ದರೆ ಸಿಟೈಪ್ಸ್ ತಾನೇ ಊಹಿಸುತ್ತದೆ: ‘ಉತ್ತರ ಇಂಟ್ ಆಗಿರುತ್ತದೆ.’ ನಮ್ಮ ಫಂಕ್ಷನ್ ಕೊಡುವುದು ಡಬಲ್. ಸಾಮಾನ್ಯ ಇಂಟೆಲ್, ಎಎಂಡಿ 64 ಬಿಟ್ ಪ್ರೊಸೆಸರ್‌ಗಳಲ್ಲಿ ಡಬಲ್ ಉತ್ತರ ಒಂದು ರಿಜಿಸ್ಟರಿನಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಜಾಗ) ಕೂತಿರುತ್ತದೆ, ಇಂಟ್ ಉತ್ತರ ಇನ್ನೊಂದರಲ್ಲಿ. ಸಿ ನಿಮ್ಮ 101.6 ಅನ್ನು ಸರಿಯಾದ ಜಾಗದಲ್ಲೇ ಇಟ್ಟು ಹೋಗಿರುತ್ತದೆ. ಪೈಥಾನ್ ಬೇರೆ ಜಾಗಕ್ಕೆ ಕೈಹಾಕಿ, ಅಲ್ಲಿ ಹಿಂದಿನ ಯಾವುದೋ ಲೆಕ್ಕದಿಂದ ಉಳಿದಿದ್ದ ಸಂಖ್ಯೆಯನ್ನು ಎತ್ತಿಕೊಂಡು ಬರುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಆದ್ದರಿಂದ ಲೋಡ್ ಮಾಡಿದ ಕೂಡಲೇ, ಮೊದಲ ಕರೆಗಿಂತ ಮುಂಚೆ, ಪ್ರತಿ ಫಂಕ್ಷನ್‌ಗೂ ಎರಡು ಸಾಲು ಬರೆಯಿರಿ. ಆರ್ಗ್‌ಟೈಪ್ಸ್‌ಗೆ ಒಂದು ಪಟ್ಟಿ: ಸಿ_ಇಂಟ್32 ನ ಪಾಯಿಂಟರ್ (ಮೆಮೊರಿ ವಿಳಾಸ), ಆಮೇಲೆ ಸಿ_ಇಂಟ್32. ರೆಸ್‌ಟೈಪ್‌ಗೆ ಸಿ_ಡಬಲ್. ಏನನ್ನೂ ವಾಪಸ್ ಕೊಡದ ಫಂಕ್ಷನ್ ಆದರೆ ರೆಸ್‌ಟೈಪ್‌ಗೆ ನನ್ (None) ಎಂದು ಹಾಕಿ.

ಅಪಾಯದ ಗುರುತುಗಳು ಇವು: ದಶಮಾಂಶ ಬರಬೇಕಾದಲ್ಲಿ ಪೂರ್ಣಾಂಕ ಬರುವುದು, ಮಳೆ ಲೆಕ್ಕದಲ್ಲಿ ಮೈನಸ್ ಬರುವುದು, ಅದೇ ಡೇಟಾಗೆ ಒಂದೊಂದು ಸಲ ಒಂದೊಂದು ಉತ್ತರ ಬರುವುದು. ಇವುಗಳಲ್ಲಿ ಯಾವುದು ಕಂಡರೂ ಸಿ ಕೋಡನ್ನು ಮುಟ್ಟಬೇಡಿ, ಮೊದಲು ರೆಸ್‌ಟೈಪ್ ನೋಡಿ.

ಇಲ್ಲೇ ಇನ್ನೆರಡು ಬಲೆಗಳಿವೆ. ಮೊದಲನೆಯದು ಕಾಗುಣಿತ. ಆರ್ಗ್‌ಟೈಪ್ಸ್ ಬದಲು ಕೊನೆಯ ಎಸ್ ಬಿಟ್ಟು ಬರೆದರೆ ಪೈಥಾನ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ, ಏಕೆಂದರೆ ಆ ಹೆಸರಿನ ಹೊಸ ಗುಣವೊಂದನ್ನು ನೀವು ಸೇರಿಸುತ್ತಿದ್ದೀರಿ ಎಂದು ಅದು ತಿಳಿಯುತ್ತದೆ. ಟೈಪ್ ಘೋಷಣೆ ಆಗಿರುವುದೇ ಇಲ್ಲ. ಎರಡನೆಯದು, ಫಂಕ್ಷನ್ನನ್ನು ಚೌಕ ಬ್ರಾಕೆಟ್ ಹಾಕಿ ಕರೆಯುವುದು. ಚುಕ್ಕಿ ಹಾಕಿ ಕರೆದರೆ ಸಿಟೈಪ್ಸ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಚೌಕ ಬ್ರಾಕೆಟ್ ಹಾಕಿದರೆ ಪ್ರತಿ ಸಲ ಹೊಸ ಆಬ್ಜೆಕ್ಟ್ ಕೊಡುತ್ತದೆ, ಹಿಂದೆ ಹೇಳಿದ ಟೈಪ್‌ಗಳು ಅದಕ್ಕೆ ಗೊತ್ತಿರುವುದಿಲ್ಲ.

ಇದನ್ನೆಲ್ಲ ತಪ್ಪಿಸಲು ಒಂದು ಶಿಸ್ತು ಇಟ್ಟುಕೊಳ್ಳಿ. ಲೋಡ್ ಮಾಡುವುದು, ಟೈಪ್ ಹೇಳುವುದು ಎಲ್ಲವೂ ಒಂದೇ ಪೈಥಾನ್ ಫೈಲಿನಲ್ಲಿರಲಿ. ಉಳಿದ ಫೈಲ್‌ಗಳು ಅದನ್ನು ಇಂಪೋರ್ಟ್ ಮಾಡಿಕೊಳ್ಳಲಿ, ಸಿಟೈಪ್ಸ್ ಎಂಬ ಪದವೇ ಅವುಗಳಲ್ಲಿ ಕಾಣಬಾರದು.

ಟೈಪ್ ಹೇಳಿದ ಮೇಲೂ ಒಂದು ವಿಷಯ ಗಮನದಲ್ಲಿರಲಿ. ಪೈಥಾನಿನ ಪೂರ್ಣಾಂಕಕ್ಕೆ ಮಿತಿ ಇಲ್ಲ, ಸಿ_ಇಂಟ್32 ಗೆ ಇದೆ. 2147483648 ಅನ್ನು ಅದರೊಳಗೆ ತುಂಬಿದರೆ ಎರರ್ ಬರುವುದಿಲ್ಲ, ಸದ್ದಿಲ್ಲದೆ ಮೈನಸ್ 2147483648 ಆಗುತ್ತದೆ. ಮಳೆ ಸೆಂಟಿಗೆ ಈ ಭಯವಿಲ್ಲ. ಹಣವನ್ನು ಪೈಸೆಯಲ್ಲಿ ಲೆಕ್ಕ ಹಾಕುವವರಿಗೆ ಇದೆ.

ಹಂತ 5: ಅರೇ ಕಳಿಸುವುದು

ಪೈಥಾನ್ ಲಿಸ್ಟನ್ನು ಸಿ ಗೆ ಹಾಗೇ ಕೊಡಲು ಆಗದು. ಸಿ_ಇಂಟ್32 ಅನ್ನು ದಿನಗಳ ಸಂಖ್ಯೆಯಿಂದ ಗುಣಿಸಿದರೆ ಅಷ್ಟು ಉದ್ದದ ಅರೇ ಟೈಪ್ ಸಿಗುತ್ತದೆ. ಅದಕ್ಕೆ ಲಿಸ್ಟನ್ನು ಬಿಡಿಸಿ ಕೊಟ್ಟರೆ ಅರೇ ಸಿದ್ಧ. ಲಿಸ್ಟಿನಲ್ಲಿ ಖಾಲಿ ಇದ್ದರೆ, ಅಥವಾ ಸೆಂಟಿನ ಬದಲು 1.5 ಎಂದು ಇಂಚು ಸೇರಿಕೊಂಡಿದ್ದರೆ ಇಲ್ಲಿ ಟೈಪ್‌ಎರರ್ ಬರುತ್ತದೆ. ಒಳ್ಳೆಯದೇ. ಆದರೆ ಎರರ್ ಹೋಗಲಿ ಎಂದು ಖಾಲಿ ಜಾಗಕ್ಕೆ 0 ತುಂಬಬೇಡಿ. ಮಳೆ ಬರಲಿಲ್ಲ ಎನ್ನುವುದು ಬೇರೆ, ಆ ದಿನ ಯಾರೂ ಬರೆದಿಡಲಿಲ್ಲ ಎನ್ನುವುದು ಬೇರೆ. ಕಾಫಿ ಹೂ ಅರಳಿಸುವ ಹೂಮಳೆಯ ಲೆಕ್ಕ ನೋಡುವವರಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದು ಎಂದು ಹೇಳಬೇಕಾಗಿಲ್ಲ, ಅಲ್ವಾ?

ಉದ್ದವನ್ನು ಕೈಯಾರೆ ಟೈಪ್ ಮಾಡಬೇಡಿ. ಲೆನ್ ಕೊಡುವ ಸಂಖ್ಯೆಯನ್ನೇ ಕಳಿಸಿ. 30 ದಿನಗಳ ಅರೇ ಕೊಟ್ಟು 31 ಎಂದರೆ ಸಿ ಕೊನೆಯ ದಿನ ದಾಟಿ ಪಕ್ಕದ ಮೆಮೊರಿಯನ್ನೂ ಕೂಡಿಕೊಳ್ಳುತ್ತದೆ. ಮೊತ್ತ ತುಸುವೇ ತಪ್ಪಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್‌ಪೈ (ಅಂಕಿಗಳ ಅರೇಗಾಗಿ ಇರುವ ಪೈಥಾನ್ ಲೈಬ್ರರಿ) ಬಳಸುವವರಿಗೆ ಒಂದು ಉದಾಹರಣೆ ಹತ್ತಿರದಿಂದ ತೋರಿಸುತ್ತೇನೆ. 100, 50, 250 ಅನ್ನು ನಮ್‌ಪೈ ಅರೇ ಮಾಡಿದರೆ 64 ಬಿಟ್ ಲಿನಕ್ಸ್‌ನಲ್ಲಿ ಅದು 64 ಬಿಟ್ ಪೂರ್ಣಾಂಕವಾಗುತ್ತದೆ. ನಮ್ಮ ಸಿ ಓದುವುದು 32 ಬಿಟ್. ಹಾಗಾಗಿ ಸಿ ಕಣ್ಣಿಗೆ ಅದು 100, 0, 50, 0, 250, 0 ಎಂದು ಕಾಣುತ್ತದೆ. ಮೂರು ದಿನ ಎಂದು ಹೇಳಿದ್ದೀರಿ, ಅದು ಮೊದಲ ಮೂರನ್ನು ಕೂಡುತ್ತದೆ: 150 ಸೆಂಟ್, 38.1 ಮಿಲಿಮೀಟರ್. 101.6 ಎಲ್ಲಿ, 38.1 ಎಲ್ಲಿ! ಇದರಲ್ಲಿ ಕೆಟ್ಟ ವಿಷಯವೆಂದರೆ 38.1 ಕೂಡ ನಂಬುವಂಥ ಮಳೆಯೇ. ವಿಂಡೋಸ್‌ನಲ್ಲಿ ನಮ್‌ಪೈ 2.0 ಬರುವ ಮುಂಚೆ ಇದೇ ಅರೇ 32 ಬಿಟ್ ಆಗಿರುತ್ತಿತ್ತು. ಹಾಗಾಗಿ ಅಲ್ಲಿ ಚೆನ್ನಾಗಿದ್ದ ಕೋಡ್ ನಮ್‌ಪೈ ಹೊಸದು ಮಾಡಿಕೊಂಡ ಮೇಲೆ ಕೆಡಬಹುದು.

ಪರಿಹಾರ ಸುಲಭ. ಅರೇ ಮಾಡುವಾಗಲೇ ಡಿಟೈಪ್ ಇಂಟ್32 ಎಂದು ಹೇಳಿ, ಮತ್ತು ಆರ್ಗ್‌ಟೈಪ್ಸ್‌ನಲ್ಲಿ ನಮ್‌ಪೈನ ಎನ್‌ಡಿಪಾಯಿಂಟರ್ ಬಳಸಿ. ತಪ್ಪು ಟೈಪ್ ಬಂದರೆ ಅದು ಗಡಿಯಲ್ಲೇ ತಡೆಯುತ್ತದೆ. ದಿನ ಬಿಟ್ಟು ದಿನ ಎಂದು ಸ್ಲೈಸ್ ಮಾಡಿದ ಅರೇಯ ಅಂಕಿಗಳು ಮೆಮೊರಿಯಲ್ಲಿ ಒತ್ತೊತ್ತಾಗಿ ಇರುವುದಿಲ್ಲ. ಎನ್‌ಡಿಪಾಯಿಂಟರ್‌ಗೆ ಸಿ_ಕಂಟಿಗ್ಯುಯಸ್ ಗುರುತು ಕೊಟ್ಟರೆ ಅದನ್ನೂ ತಡೆಯುತ್ತದೆ.

ಪೈಥಾನ್ ಲೂಪ್ ಒಳಗೆ ಒಂದೊಂದು ದಿನಕ್ಕೂ ಸಿ ಫಂಕ್ಷನ್ ಕರೆಯಬೇಡಿ. ಗಡಿ ದಾಟುವುದಕ್ಕೇ ಸಮಯ ಹಿಡಿಯುತ್ತದೆ, ಸಿ ಬಳಸಿದ ಲಾಭ ಅಲ್ಲೇ ಕರಗುತ್ತದೆ. ಇಡೀ ವರ್ಷದ ಅರೇ ಕೊಟ್ಟು ಒಂದೇ ಸಲ ಕರೆಯಿರಿ.

ಹಂತ 6: ಕನ್ನಡ ಹೆಸರುಗಳನ್ನು ಕಳಿಸುವುದು

ಊರಿನ ಹೆಸರನ್ನು ಸಿ ಗೆ ಕಳಿಸಬೇಕು ಎಂದಿಟ್ಟುಕೊಳ್ಳಿ. ಸಿ ಕಡೆ ಅದು ಚಾರ್ ಪಾಯಿಂಟರ್. ಪೈಥಾನ್ ಸ್ಟ್ರಿಂಗನ್ನು ಟೈಪ್ ಹೇಳದೆ ಹಾಗೇ ಕಳಿಸಿದರೆ ಸಿಟೈಪ್ಸ್ ಅದನ್ನು ವೈಡ್ ಕ್ಯಾರೆಕ್ಟರ್ (ಒಂದೊಂದು ಅಕ್ಷರಕ್ಕೆ ಎರಡು ಅಥವಾ ನಾಲ್ಕು ಬೈಟ್) ಆಗಿ ಕಳಿಸುತ್ತದೆ. ಇಂಗ್ಲಿಷ್ ಹೆಸರಾದರೆ ಸಿ ಗೆ ಮೊದಲ ಅಕ್ಷರ ಒಂದೇ ಕಾಣುತ್ತದೆ, ಏಕೆಂದರೆ ಅದರ ಪಕ್ಕದಲ್ಲೇ ಸೊನ್ನೆ ಬೈಟ್ ಇದೆ, ಸಿ ಗೆ ಅದೇ ಸ್ಟ್ರಿಂಗಿನ ಕೊನೆ. ಮೊದಲ ಅಕ್ಷರ ಮಾತ್ರ ಬಂತು ಅಂದರೆ ಕಾರಣ ಇದೇ. ಆರ್ಗ್‌ಟೈಪ್ಸ್‌ನಲ್ಲಿ ಸಿ_ಚಾರ್_ಪಿ ಎಂದು ಹೇಳಿ, ಸ್ಟ್ರಿಂಗನ್ನು ಯುಟಿಎಫ್-8ಗೆ ಎನ್‌ಕೋಡ್ ಮಾಡಿ ಕಳಿಸಿ.

ಇನ್ನು ಬಫರ್, ಅಂದರೆ ಹೆಸರು ಇಡಲು ಕಾದಿರಿಸಿದ ಮೆಮೊರಿ, ಅದರ ಅಳತೆ. ‘ಕೊಡಗು’ ಎಂದು ಬರೆದರೆ ಕಣ್ಣಿಗೆ ಮೂರಕ್ಷರ. ಪೈಥಾನಿನ ಲೆನ್ 5 ಎನ್ನುತ್ತದೆ: ಕ, ಒತ್ವ, ಡ, ಗ, ಕೊಂಬು. ಸಿ ಯ ಎಸ್‌ಟಿಆರ್‌ಲೆನ್ 15 ಎನ್ನುತ್ತದೆ, ಏಕೆಂದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಕೊನೆಯ ಸೊನ್ನೆ ಸೇರಿ 16 ಬೈಟ್ ಜಾಗ ಇಡಬೇಕು. ಇಂಗ್ಲಿಷ್ ಹೆಸರಿನ ಲೆಕ್ಕದಲ್ಲಿ 10 ಬೈಟ್ ಇಟ್ಟು ಎಸ್‌ಟಿಆರ್‌ಸಿಪಿವೈಯಿಂದ ನಕಲು ಮಾಡಿದರೆ ಪಕ್ಕದ ಮೆಮೊರಿ ಕೆಡುತ್ತದೆ.

ಎಸ್‌ಎನ್‌ಪ್ರಿಂಟ್‌ಎಫ್ ಬಳಸಿದರೆ ಮೆಮೊರಿ ಕೆಡುವುದಿಲ್ಲ. ಆದರೆ 12 ಬೈಟ್ ಬಫರ್ ಇದ್ದರೆ ಅದು 11 ಬೈಟ್ ಉಳಿಸಿಕೊಂಡು ‘ಗ’ದ ನಡುವೆಯೇ ಕತ್ತರಿಸುತ್ತದೆ. ಆ ಮುರುಕನ್ನು ಪೈಥಾನಿನಲ್ಲಿ ಡಿಕೋಡ್ ಮಾಡಿದಾಗ ಯೂನಿಕೋಡ್‌ಡಿಕೋಡ್‌ಎರರ್ ಬರುತ್ತದೆ. ಇದು ಬಂದರೆ ಎನ್‌ಕೋಡಿಂಗ್ ಬದಲಾಯಿಸಲು ಹೋಗಬೇಡಿ, ಮೊದಲು ಬಫರ್ ದೊಡ್ಡದು ಮಾಡಿ.

ಸಿ ಬರೆಯಬೇಕಾದ ಬಫರನ್ನು ಕ್ರಿಯೇಟ್_ಸ್ಟ್ರಿಂಗ್_ಬಫರ್‌ನಿಂದಲೇ ಮಾಡಿ. ಪೈಥಾನಿನ ಬೈಟ್ಸ್ ಬದಲಾಗಬಾರದ ವಸ್ತು. ಅದರ ಮೇಲೆ ಸಿ ಬರೆದರೆ ಎಲ್ಲೋ ದೂರದಲ್ಲಿ, ಸಂಬಂಧವೇ ಇಲ್ಲದ ಜಾಗದಲ್ಲಿ ಕೆಡಬಹುದು.

ಹಂತ 7: ಮೆಮೊರಿ ಯಾರದ್ದು ಎಂದು ತೀರ್ಮಾನಿಸಿ

ಸಿ ಒಳಗೆ ಮ್ಯಾಲಾಕ್ ಮಾಡಿ (ಮೆಮೊರಿ ಕೇಳಿ ಪಡೆದು) ಸ್ಟ್ರಿಂಗ್ ವಾಪಸ್ ಕೊಡುವ ಫಂಕ್ಷನ್ ಇದ್ದರೆ, ಆ ಮೆಮೊರಿಯನ್ನು ಬಿಡುಗಡೆ ಮಾಡುವ ಫಂಕ್ಷನ್ ಕೂಡ ಅದೇ ಲೈಬ್ರರಿಯಲ್ಲಿರಬೇಕು. ಪೈಥಾನ್ ಅದನ್ನು ತಾನಾಗಿ ಬಿಡಿಸುವುದಿಲ್ಲ.

ಇಲ್ಲಿ ರೆಸ್‌ಟೈಪ್ ಸಿ_ಚಾರ್_ಪಿ ಎಂದು ಹಾಕಿದರೆ ಸಿಟೈಪ್ಸ್ ಸ್ಟ್ರಿಂಗಿನ ನಕಲು ಮಾಡಿ ಕೊಟ್ಟು ಪಾಯಿಂಟರನ್ನು ಕಳೆದುಬಿಡುತ್ತದೆ. ಆಮೇಲೆ ಬಿಡುಗಡೆ ಮಾಡೋಣ ಎಂದರೆ ವಿಳಾಸವೇ ಕೈಯಲ್ಲಿಲ್ಲ. ಬದಲಿಗೆ ಸಿ_ವಾಯ್ಡ್_ಪಿ ಹಾಕಿ, ಸ್ಟ್ರಿಂಗ್_ಆ್ಯಟ್‌ನಿಂದ ಓದಿಕೊಳ್ಳಿ, ಆಮೇಲೆ ಬಿಡುಗಡೆ ಫಂಕ್ಷನ್‌ಗೆ ಅದೇ ಪಾಯಿಂಟರ್ ಕೊಡಿ. ಬಿಡುಗಡೆ ಫಂಕ್ಷನ್‌ನ ಆರ್ಗ್‌ಟೈಪ್ಸ್ ಹೇಳುವುದನ್ನು ಮರೆಯಬೇಡಿ. ಮರೆತರೆ 64 ಬಿಟ್ ವಿಳಾಸ ಸಾದಾ ಇಂಟ್ ಆಗಿ ಅರ್ಧ ಕತ್ತರಿಸಿಹೋಗುತ್ತದೆ, ಪ್ರೋಗ್ರಾಂ ಅಲ್ಲೇ ಬೀಳುತ್ತದೆ.

ನನ್ನನ್ನು ಕೇಳಿದರೆ, ಸಿ ಕೋಡ್ ನಿಮ್ಮದೇ ಆಗಿದ್ದರೆ ಈ ತಲೆನೋವೇ ಬೇಡ. ಬಫರನ್ನೂ ಅದರ ಅಳತೆಯನ್ನೂ ಪೈಥಾನ್‌ನಿಂದಲೇ ಕಳಿಸಿ, ಸಿ ಅದರೊಳಗೆ ಬರೆಯಲಿ. ಕೊಟ್ಟವರೇ ಒಡೆಯರು, ಬಿಡುಗಡೆಯ ಪ್ರಶ್ನೆ ಇಲ್ಲ.

ಹಂತ 8: ಸ್ಟ್ರಕ್ಟ್, ಕಾಲ್‌ಬ್ಯಾಕ್ ಬೇಕಾದರೆ

ಸ್ಟ್ರಕ್ಟ್ (ಹಲವು ಫೀಲ್ಡ್‌ಗಳ ಒಂದು ಕಟ್ಟು) ಕಳಿಸುವಾಗ ಫೀಲ್ಡ್‌ಗಳ ಕ್ರಮ ಎರಡೂ ಕಡೆ ಒಂದೇ ಇರಬೇಕು. ಒಂದು ಚಾರ್, ಒಂದು ಡಬಲ್ ಇರುವ ಸ್ಟ್ರಕ್ಟ್ 9 ಬೈಟ್ ಅಲ್ಲ, ಸಾಮಾನ್ಯ 64 ಬಿಟ್ ಯಂತ್ರದಲ್ಲಿ 16 ಬೈಟ್. ನಡುವೆ ಕಂಪೈಲರ್ ಖಾಲಿ ಜಾಗ ಬಿಡುತ್ತದೆ. ಎರಡೂ ಕಡೆ ಸೈಜ್‌ಆಫ್ ಮುದ್ರಿಸಿ ಹೋಲಿಸಿ. ಅಳತೆ ಹೊಂದದಿದ್ದರೆ ಮುಂದೆ ಹೋಗಬೇಡಿ.

ಸಿ ಯಿಂದ ಪೈಥಾನ್ ಫಂಕ್ಷನ್ ಕರೆಸಬೇಕಾದರೆ ಸಿಫಂಕ್‌ಟೈಪ್ ಬಳಸಿ. ಹಾಗೆ ಮಾಡಿದ ಕಾಲ್‌ಬ್ಯಾಕನ್ನು ಒಂದು ವೇರಿಯೇಬಲ್‌ನಲ್ಲಿ ಹಿಡಿದಿಟ್ಟುಕೊಳ್ಳಿ. ಯಾರೂ ಹಿಡಿದಿಲ್ಲ ಎಂದು ಪೈಥಾನ್ ಅದನ್ನು ಗುಡಿಸಿಹಾಕಿದರೆ, ಸಿ ಕರೆದಾಗ ಅಲ್ಲಿ ಏನೂ ಇರುವುದಿಲ್ಲ.

ಹಂತ 9: ಪ್ರೋಗ್ರಾಂ ಸತ್ತಾಗ ಹುಡುಕುವ ಕ್ರಮ

ಲಿನಕ್ಸ್‌ನಲ್ಲಿ ‘ಸೆಗ್ಮೆಂಟೇಶನ್ ಫಾಲ್ಟ್’, ವಿಂಡೋಸ್‌ನಲ್ಲಿ ‘ಆಕ್ಸೆಸ್ ವಯೊಲೇಶನ್’ ಎಂದು ಬರುತ್ತದೆ. ಟ್ರೈ, ಎಕ್ಸೆಪ್ಟ್ ಹಾಕಿ ಇದನ್ನು ಮುಚ್ಚಲು ಹೋಗಬೇಡಿ. ಲಿನಕ್ಸ್‌ನಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ, ವಿಂಡೋಸ್‌ನಲ್ಲಿ ಮಾಡಿದರೂ ಕೆಟ್ಟ ಮೆಮೊರಿ ಹಾಗೇ ಉಳಿದಿರುತ್ತದೆ.

ಪೈಥಾನನ್ನು ದೊಡ್ಡ ಎಕ್ಸ್ ಆಯ್ಕೆಯ ಜೊತೆ ಫಾಲ್ಟ್‌ಹ್ಯಾಂಡ್ಲರ್ ಎಂದು ಕೊಟ್ಟು ಶುರುಮಾಡಿ. ಬಿದ್ದಾಗ ಯಾವ ಪೈಥಾನ್ ಸಾಲಿನಲ್ಲಿತ್ತು ಎಂದು ಅದು ತೋರಿಸುತ್ತದೆ. ಆ ಸಾಲಿನಲ್ಲಿರುವ ಫಂಕ್ಷನ್‌ನ ಸಿ ಘೋಷಣೆಯನ್ನೂ ನಿಮ್ಮ ಆರ್ಗ್‌ಟೈಪ್ಸ್ ಅನ್ನೂ ಅಕ್ಕಪಕ್ಕ ಇಟ್ಟು ಒಂದೊಂದಾಗಿ ಓದಿ. ಅಲ್ಲಿ ಸರಿ ಇದ್ದರೆ ಉದ್ದದ ಸಂಖ್ಯೆ ನೋಡಿ, ಆಮೇಲೆ ಬಫರ್ ಅಳತೆ ನೋಡಿ. ಅದೂ ಸರಿ ಇದ್ದರೆ, ಅದಕ್ಕಿಂತ ಮುಂಚೆ ಕರೆದ ಫಂಕ್ಷನ್‌ಗಳನ್ನು ಅನುಮಾನಿಸಿ. ಮೆಮೊರಿ ಕೆಟ್ಟ ಜಾಗ ಒಂದು, ಪ್ರೋಗ್ರಾಂ ಬೀಳುವ ಜಾಗ ಇನ್ನೊಂದು ಆಗಿರುವುದು ತೀರಾ ಸಾಮಾನ್ಯ.

ಸಿ ಒಳಗಿನ ಪ್ರಿಂಟ್‌ಎಫ್ ನಂಬಿ ಹುಡುಕುವವರು ಪ್ರತಿ ಸಾಲಿನ ನಂತರ ಎಫ್‌ಫ್ಲಶ್ ಹಾಕಿ. ಇಲ್ಲದಿದ್ದರೆ ಬರೆದದ್ದು ಬಫರ್‌ನಲ್ಲೇ ಉಳಿದು, ಆ ಸಾಲಿಗೆ ಬಂದೇ ಇಲ್ಲ ಎಂಬ ತಪ್ಪು ಕಲ್ಪನೆ ಬರುತ್ತದೆ.

ಸಿ ಯನ್ನು ತಿದ್ದಿ ಲೈಬ್ರರಿ ಮತ್ತೆ ಕಟ್ಟಿದ ಮೇಲೆ ಪೈಥಾನನ್ನು ಪೂರ್ತಿ ಮುಚ್ಚಿ ತೆರೆಯಿರಿ. ಜೂಪಿಟರ್ ನೋಟ್‌ಬುಕ್ ಆದರೆ ಕರ್ನಲ್ ರೀಸ್ಟಾರ್ಟ್ ಮಾಡಿ, ಬರೀ ಸೆಲ್ ಮತ್ತೆ ಓಡಿಸಿದರೆ ಸಾಲದು. ಒಮ್ಮೆ ಲೋಡ್ ಆದ ಹಳೆಯ ಲೈಬ್ರರಿಯೇ ಮೆಮೊರಿಯಲ್ಲಿ ಕೂತಿರುತ್ತದೆ. ತಿದ್ದಿದ್ದೂ ಕೆಲಸ ಮಾಡುತ್ತಿಲ್ಲ ಎಂದು ಸರಿ ಇರುವ ಕೋಡನ್ನು ಮತ್ತೆ ಕೆಡಿಸುವ ಮುನ್ನ, 100, 50, 250 ಕೊಟ್ಟು 101.6 ಬರುತ್ತದಾ ನೋಡಿ.